ಬೆಳ್ಳಿತೆರೆಯ ಮೇಲೆ ಉಳಿದುಹೋದ ತಪ್ಪುಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿಕೊಂಡಾಗ, "ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ, ನಾನು ತಪ್ಪುಗಳ ವಿಷಯವಾಗಿ ಬರೆಯುತ್ತೇನೆ" ಎಂದೆ. ಬಂದವರು ನಕ್ಕರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅವರ ಉತ್ತರಪತ್ರಿಕೆಗಳ ಮೇಲೆ ನನ್ನ ಕೆಂಪು ಶಾಯಿ ಧಾರಾಳವಾಗಿಯೇ ಹರಿದಿತ್ತು. "ಯಾರ ತಪ್ಪು ಮಾಸ್ಟ್ರೇ?" ಎಂದು ಒಬ್ಬರು ಕೇಳಿದರು. "ಸಿನೆಮಾದವರದ್ದು" ಎಂದೆ. ಆದರೆ ಬರೆಯಲು ಕುಳಿತಾಗ ನನ್ನದೇ ಒಂದು ತಪ್ಪನ್ನು ಮೊದಲು ಹೇಳದೆ ಮುಂದುವರಿಯುವುದು ನ್ಯಾಯವಲ್ಲವೆನಿಸಿತು.

1981ರ ಡಿಸೆಂಬರ್ ತಿಂಗಳು. ಶಾಲಾ ವಾರ್ಷಿಕೋತ್ಸವದ ಮರುದಿನ ರಾತ್ರಿ, ಬಾಡಿಗೆಗೆ ತಂದ 16 ಮಿಲಿಮೀಟರ್ ಪ್ರೊಜೆಕ್ಟರಿನಲ್ಲಿ ಹಳೆಯ ಪೌರಾಣಿಕ ಚಿತ್ರವೊಂದನ್ನು ಅಂಗಳದಲ್ಲಿ ತೋರಿಸಿದೆವು. ಚಿತ್ರದ ಹೆಸರು ಇಲ್ಲಿ ಬೇಡ. ರಾಣಿ ಕಾಡುಪಾಲಾಗಿ, ಗಂಡನನ್ನು ಅರಸುತ್ತಾ ಗೋಳಿಡುವ ಸನ್ನಿವೇಶ. ಚಾಪೆಯ ಮೇಲೆ ಕುಳಿತಿದ್ದ ತಾಯಂದಿರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಆಗ ಮುಂದಿನ ಸಾಲಿನಿಂದ ಒಬ್ಬ ಹುಡುಗ ಕಿಸಕ್ಕೆಂದು ನಕ್ಕ. ಏಳನೆಯ ತರಗತಿಯವನು. ನಾನು ಅವನ ಕಿವಿ ಹಿಡಿದು ಎಬ್ಬಿಸಿದೆ. "ಮಾಸ್ಟ್ರೇ, ರಾಣಿಯ ತೋಳಿನಲ್ಲಿ ದೇವಿ ಹಾಕಿದ ಕಲೆ ಉಂಟು" ಎಂದ. ಅಧಿಕಪ್ರಸಂಗವೆಂದು ಭಾವಿಸಿ, ಚಿತ್ರ ಮುಗಿಯುವವರೆಗೆ ಜಗಲಿಯ ಆಚೆ, ಪರದೆ ಕಾಣದ ಕಡೆ ನಿಲ್ಲಿಸಿದೆ.

ಹತ್ತು ಹನ್ನೆರಡು ವರ್ಷಗಳ ನಂತರ ಅದೇ ಚಿತ್ರ ದೂರದರ್ಶನದಲ್ಲಿ ಬಂತು. ಅದೇ ಕಾಡು, ಅದೇ ಗೋಳು. ರಾಣಿ ಮರವನ್ನು ತಬ್ಬಿಕೊಂಡಾಗ ಎಡತೋಳಿನ ಮೇಲೆ ಎರಡು ದುಂಡನೆಯ ಕಲೆಗಳು ಸ್ಪಷ್ಟವಾಗಿ ಕಂಡವು. ನನ್ನ ತೋಳಿನಲ್ಲಿಯೂ ಅಂಥವೇ ಎರಡು ಇವೆ. ಹುಡುಗ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಅಂದಿನಿಂದ ಚಲನಚಿತ್ರಗಳಲ್ಲಿ ನುಸುಳುವ ತಪ್ಪುಗಳ ವಿಷಯದಲ್ಲಿ ನನಗೆ ಒಂದು ಬಗೆಯ ಆಸಕ್ತಿ ಬೆಳೆಯಿತು. ಸಿಕ್ಕಿದ್ದನ್ನು ಓದಿದೆ, ಸಿಕ್ಕ ಚಿತ್ರಗಳನ್ನು ನೋಡಿದೆ. ಹಾಗೆ ತಿಳಿದುಕೊಂಡುದರ ಸಾರ ಈ ಲೇಖನ.

ತಪ್ಪು ಎಲ್ಲಿಂದ ಬರುತ್ತದೆ?

ಇಷ್ಟು ಹಣ, ಇಷ್ಟು ಜನ, ಇಷ್ಟು ದಿನಗಳ ದುಡಿಮೆ ಇದ್ದರೂ ತಪ್ಪು ಹೇಗೆ ಉಳಿಯುತ್ತದೆ ಎಂಬುದು ಸಹಜವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಸ್ಥಿರಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. ಎರಡೂವರೆ ಗಂಟೆಯ ಚಿತ್ರವೆಂದರೆ 9,000 ಸೆಕೆಂಡು. ಅಂದರೆ 2,16,000 ಸ್ಥಿರಚಿತ್ರಗಳು. ಹಿಂದಿನ 35 ಮಿಲಿಮೀಟರ್ ಸುರುಳಿಯಲ್ಲಾದರೆ ನಿಮಿಷಕ್ಕೆ 90 ಅಡಿಯಂತೆ 13,500 ಅಡಿ ಉದ್ದ. ಇದು ಪ್ರೇಕ್ಷಕರು ನೋಡುವ ಚಿತ್ರ. ತೆಗೆದು ಬಿಸಾಡಿದ ಭಾಗ ಇದರ ಎಷ್ಟೋ ಪಾಲು ಇರುತ್ತದೆ.

ಎರಡನೆಯದಾಗಿ, ಚಿತ್ರವನ್ನು ಕಥೆಯ ಅನುಕ್ರಮದಲ್ಲಿ ತೆಗೆಯುವುದಿಲ್ಲ. ಒಂದು ಮನೆಯಲ್ಲಿ ನಡೆಯುವ ದೃಶ್ಯಗಳೆಲ್ಲವನ್ನೂ, ಅವು ಕಥೆಯ ಆರಂಭದ್ದಿರಲಿ ಅಂತ್ಯದ್ದಿರಲಿ, ಒಟ್ಟಿಗೆ ಮುಗಿಸುತ್ತಾರೆ. ನಾಯಕ ಮನೆಯಿಂದ ಹೊರಡುವುದನ್ನು ಜನವರಿಯಲ್ಲಿಯೂ ಬಾಗಿಲು ದಾಟಿ ಬೀದಿಗೆ ಬರುವುದನ್ನು ಏಪ್ರಿಲಿನಲ್ಲಿಯೂ ತೆಗೆಯಬಹುದು. ತೆರೆಯ ಮೇಲೆ ಅದು ಒಂದೇ ಹೆಜ್ಜೆ. ನಟನ ಬದುಕಿನಲ್ಲಿ ಮೂರು ತಿಂಗಳು. ಆ ಮಧ್ಯೆ ಅವನ ಕೂದಲು ಬೆಳೆದಿರುತ್ತದೆ. ಇನ್ನು ಇಬ್ಬರು ಊಟ ಮಾಡುತ್ತಾ ಮಾತನಾಡುವ ಎರಡು ನಿಮಿಷದ ದೃಶ್ಯವನ್ನು ಒಮ್ಮೆ ಇವನ ಕಡೆಯಿಂದ, ಒಮ್ಮೆ ಅವಳ ಕಡೆಯಿಂದ, ಒಮ್ಮೆ ದೂರದಿಂದ, ಹೀಗೆ ಇಡೀ ದಿನ ತೆಗೆಯುತ್ತಾರೆ. ಪ್ರತಿ ಸಲವೂ ಬಟ್ಟಲಲ್ಲಿ ಅಷ್ಟೇ ಅನ್ನ, ಲೋಟದಲ್ಲಿ ಅಷ್ಟೇ ನೀರು ಇರಬೇಕು. ಗೋಡೆಯ ಗಡಿಯಾರ ಅದೇ ಗಂಟೆಯನ್ನು ತೋರಿಸಬೇಕು.

ಇದನ್ನು ನೋಡಿಕೊಳ್ಳಲೆಂದೇ ಒಬ್ಬರು ಇರುತ್ತಾರೆ. ಯಾವ ಕೈಯಲ್ಲಿ ಪತ್ರವಿತ್ತು, ಅಂಗಿಯ ಎಷ್ಟು ಗುಂಡಿ ಹಾಕಿತ್ತು, ಯಾವ ಮಾತಿಗೆ ಎದ್ದು ನಿಂತರು ಎಂಬುದನ್ನೆಲ್ಲ ಬರೆದಿಡುವುದು ಅವರ ಕೆಲಸ. ಇದಕ್ಕೆ ಕಂಟಿನ್ಯುಟಿ ಎಂದು ಹೆಸರು. ಕನ್ನಡದಲ್ಲಿ ಮುಂದುವರಿಕೆ ಎನ್ನಬಹುದು. ಹಿಂದೆ ಕ್ಷಣದಲ್ಲಿ ಮುದ್ರಿತವಾಗಿ ಬರುವ ಪೋಲರಾಯ್ಡ್ ಫೋಟೋಗಳನ್ನು ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಈಗ ಕೈಯಳತೆಯ ಯಂತ್ರದಲ್ಲಿಯೇ ಎಲ್ಲವೂ ಉಳಿಯುತ್ತದೆ. ಆದರೂ ಮನುಷ್ಯನ ಕಣ್ಣು ಮನುಷ್ಯನ ಕಣ್ಣೇ.

ತಪ್ಪುಗಳ ಬಗೆಗಳು

ಮೊದಲನೆಯದು ಮುಂದುವರಿಕೆಯ ತಪ್ಪು. 1990ರ 'ಪ್ರೆಟಿ ವುಮನ್' ಎಂಬ ಅಮೆರಿಕದ ಚಿತ್ರದಲ್ಲಿ ಬೆಳಗಿನ ಉಪಾಹಾರದ ದೃಶ್ಯವಿದೆ. ನಾಯಕಿ ಜೂಲಿಯಾ ರಾಬರ್ಟ್ಸ್ ಕೈಯಲ್ಲಿ ಮೊದಲು ಕ್ರಾಸ್ಸಾಂ ಎಂಬ ಪದರ ಪದರವಾದ ರೊಟ್ಟಿಯಿರುತ್ತದೆ. ಮರುಕ್ಷಣ ನೋಡಿದರೆ ಅದು ದೋಸೆಯಂಥ ಪ್ಯಾನ್‌ಕೇಕ್ ಆಗಿರುತ್ತದೆ. 1985ರ 'ಕಮ್ಯಾಂಡೋ' ಚಿತ್ರದಲ್ಲಿ ಹಳದಿ ಬಣ್ಣದ ಕಾರೊಂದು ಪಲ್ಟಿಯಾಗಿ ಒಂದು ಮಗ್ಗುಲು ಪೂರ್ತಿ ಜಜ್ಜಿಹೋಗುತ್ತದೆ. ನಾಯಕ ಅದನ್ನು ನೇರಮಾಡಿ ಓಡಿಸಿಕೊಂಡು ಹೋಗುವಾಗ ಕಾರು ಹೊಚ್ಚಹೊಸದು. 1994ರ 'ಪಲ್ಪ್ ಫಿಕ್ಷನ್' ಚಿತ್ರದಲ್ಲಿ ಇಬ್ಬರ ಮೇಲೆ ಗುಂಡು ಹಾರುವ ಮೊದಲೇ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಗುಂಡು ತಾಗಿದ ತೂತುಗಳು ಕಾಣುತ್ತವೆ.

ಎರಡನೆಯದು, ಮುಂದೆ ನಡೆಯಲಿರುವುದು ಗೊತ್ತಿದ್ದವರ ತಪ್ಪು. ಇದರಲ್ಲಿ ನನಗೆ ಅತ್ಯಂತ ಪ್ರಿಯವಾದುದು ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ, 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದ ಒಂದು ದೃಶ್ಯ. ಮೌಂಟ್ ರಷ್‌ಮೋರ್ ಬಳಿಯ ಉಪಾಹಾರಗೃಹದಲ್ಲಿ ನಾಯಕಿ ಅನಿರೀಕ್ಷಿತವಾಗಿ ಪಿಸ್ತೂಲು ಹಾರಿಸಬೇಕು. ಹಿಂದಿನ ಮೇಜಿನಲ್ಲಿ ಒಬ್ಬ ಸಣ್ಣ ಹುಡುಗ ಕುಳಿತಿದ್ದಾನೆ. ನಾಯಕಿ ಗುಂಡು ಹಾರಿಸುವುದಕ್ಕೆ ಕೆಲವು ಕ್ಷಣ ಮೊದಲೇ ಅವನು ಎರಡೂ ಕಿವಿಗಳಿಗೆ ಬೆರಳು ತುರುಕಿಕೊಳ್ಳುತ್ತಾನೆ! ಹಿಂದಿನ ಪ್ರಯತ್ನಗಳಲ್ಲಿ ಆ ಸದ್ದು ಕೇಳಿ ಬೇಸತ್ತಿದ್ದನೆಂದು ತೋರುತ್ತದೆ. ಎಲ್ಲರ ದೃಷ್ಟಿಯೂ ನಾಯಕ ನಾಯಕಿಯರ ಮೇಲಿದ್ದುದರಿಂದ ಈ ಬಾಲಕ ಅರುವತ್ತಕ್ಕೂ ಮಿಕ್ಕಿ ವರ್ಷಗಳಿಂದ ಹಾಗೆಯೇ ಕಿವಿ ಮುಚ್ಚಿಕೊಂಡು ಕುಳಿತಿದ್ದಾನೆ.

ಮೂರನೆಯದು, ತೆರೆಯ ಹಿಂದಿನದು ತೆರೆಯ ಮೇಲೆ ಕಾಣಿಸುವುದು. ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು, ಕನ್ನಡಿಯಲ್ಲಿ ಮೂಡುವ ಛಾಯಾಗ್ರಾಹಕ, ನೆಲದ ಮೇಲೆ ಬೀಳುವ ಯಂತ್ರದ ನೆರಳು ಇತ್ಯಾದಿ. 2000ದ 'ಗ್ಲ್ಯಾಡಿಯೇಟರ್' ಚಿತ್ರದಲ್ಲಿ ಪ್ರಾಚೀನ ರೋಮಿನ ಕ್ರೀಡಾಂಗಣದಲ್ಲಿ ರಥವೊಂದು ಮಗುಚುವಾಗ ಅದರ ಹಿಂಬದಿಯಲ್ಲಿ ಅಡಗಿಸಿಟ್ಟ ಗ್ಯಾಸಿನ ಸಿಲಿಂಡರು ಕಾಣುತ್ತದೆ. 1981ರ 'ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್' ಚಿತ್ರದಲ್ಲಿ ನಾಯಕನ ಎದುರು ನಾಗರಹಾವು ಹೆಡೆಯೆತ್ತಿ ನಿಂತಾಗ ಅದರ ಪ್ರತಿಬಿಂಬವೂ ಕಾಣುತ್ತಿತ್ತು. ನಟನ ರಕ್ಷಣೆಗೆಂದು ನಡುವೆ ಇಟ್ಟ ಗಾಜು ಹೀಗೆ ಬಯಲಾಯಿತು. ಮುಂದೆ ಗಣಕಯಂತ್ರದ ಸಹಾಯದಿಂದ ಆ ಪ್ರತಿಬಿಂಬವನ್ನು ಅಳಿಸಿದರು.

ಇಲ್ಲಿ ಒಂದು ಮಾತು. ತೆರೆಯ ಮೇಲ್ಭಾಗದಲ್ಲಿ ಮೈಕು ಕಂಡಕೂಡಲೇ ನಾವು ಚಿತ್ರತಂಡವನ್ನು ಬಯ್ಯುತ್ತೇವೆ. ಹಳೆಯ ಸುರುಳಿಗಳಲ್ಲಿ ಅನೇಕ ಸಲ ಚಿತ್ರವು ತೆರೆಯಲ್ಲಿ ತೋರಿಸಬೇಕಾದುದಕ್ಕಿಂತ ಹೆಚ್ಚು ಎತ್ತರವಾಗಿ ಮೂಡಿರುತ್ತಿತ್ತು. ಮೇಲೆ ಕೆಳಗೆ ಉಳಿದ ಭಾಗವನ್ನು ಪ್ರೊಜೆಕ್ಟರಿನಲ್ಲಿ ಒಂದು ಲೋಹದ ಚೌಕಟ್ಟು ಮರೆಮಾಡಬೇಕು. ಟಾಕೀಸಿನಲ್ಲಿ ಆ ಚೌಕಟ್ಟು ಸರಿಯಾಗಿ ಕೂರದಿದ್ದರೆ ಮರೆಯಲ್ಲಿರಬೇಕಾದ ಮೈಕು ಪ್ರತ್ಯಕ್ಷವಾಗುತ್ತದೆ. ತಪ್ಪು ಕಂಡದ್ದು ನಿಜ, ಮಾಡಿದವರು ಬೇರೆ.

ಕಾಲದೋಷ

ನಾಲ್ಕನೆಯದು ಕಾಲದೋಷ. ಒಂದು ಕಾಲದಲ್ಲಿ ಇಲ್ಲದ ವಸ್ತು ಆ ಕಾಲದ ಕಥೆಯಲ್ಲಿ ಕಾಣಿಸುವುದು. ನಮ್ಮ ರಾಣಿಯ ತೋಳಿನ ಕಲೆ ಈ ಜಾತಿಗೆ ಸೇರಿದ್ದು. ಸಿಡುಬಿಗೆ ಲಸಿಕೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಪ್ರಯೋಗಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲು ಅದನ್ನು ಕೊಟ್ಟದ್ದು 1802ರಲ್ಲಿ, ಮುಂಬಯಿಯಲ್ಲಿ. ಹೀಗಿರುವಾಗ ಪುರಾಣಕಾಲದ ರಾಣಿಗೆ ದೇವಿ ಹಾಕಿದವರು ಯಾರು? ಹಳೆಯ ಪೌರಾಣಿಕ ಚಿತ್ರಗಳನ್ನು ಹುಡುಕಿ ನೋಡಿದರೆ ತೋಳು ತೆರೆದ ರಾಣಿಯರಲ್ಲಿ, ದೇವಕನ್ಯೆಯರಲ್ಲಿ ಈ ಕಲೆ ಅಪರೂಪವೇನೂ ಅಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. ನಮ್ಮ ಶಾಲೆ ಆರಂಭವಾದ ವರ್ಷವೂ ಅದೇ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಿತು. ಹೀಗಾಗಿ ಇಂದಿನ ಮಕ್ಕಳ ತೋಳಿನಲ್ಲಿ ಆ ಕಲೆಯಿಲ್ಲ; ಇರುವುದು ಕ್ಷಯರೋಗದ ವಿರುದ್ಧ ಹಾಕುವ ಬಿಸಿಜಿಯದು.

ಸಸ್ಯಗಳೂ ಕಾಲವನ್ನು ಹೇಳುತ್ತವೆ. ನಮ್ಮ ಕಾಸರಗೋಡಿನ ಗುಡ್ಡಗಳ ತುಂಬ ಇರುವ ಗೇರುಮರ ಬ್ರೆಜಿಲ್ ದೇಶದ್ದು, ಪೋರ್ಚುಗೀಸರು ತಂದದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದದ್ದು 1498ರಲ್ಲಿ. ಋಷ್ಯಾಶ್ರಮದ ಹಿನ್ನೆಲೆಯಲ್ಲಿ ಗೇರುಮರ ಕಂಡರೆ, ಹೊಯ್ಸಳ ಅರಮನೆಯ ಅಡಿಗೆಮನೆಯಲ್ಲಿ ಕೆಂಪುಮೆಣಸು, ಬಟಾಟೆ ಕಂಡರೆ ಅದು ಕಾಲದೋಷ. ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಹಾಗೆಯೇ ಕದಂಬರ ಕಾಲದ ಶಾಸನವೆಂದು ತೋರಿಸಿದ ಕಲ್ಲಿನ ಮೇಲೆ ಇಂದಿನ ಅಚ್ಚಿನ ಅಕ್ಷರವಿದ್ದರೆ ಅದೂ ಹೌದು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ಲಿಪಿಯನ್ನು ನಾವು ಅಭ್ಯಾಸವಿಲ್ಲದೆ ಓದಲಾರೆವು.

ಭಾರತೀಯ ಚಿತ್ರಗಳಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆಗಳಿವೆ. 2001ರ 'ಲಗಾನ್' ಚಿತ್ರದ ಕಥೆ ನಡೆಯುವುದು 1893ರಲ್ಲಿ. ಅದರ ಕ್ರಿಕೆಟ್ ಆಟದಲ್ಲಿ ಓವರಿಗೆ ಆರು ಚೆಂಡು. ಆದರೆ 1889ರಿಂದ 1899ರವರೆಗೆ ಇಂಗ್ಲೆಂಡಿನಲ್ಲಿ ಓವರಿಗೆ ಐದೇ ಚೆಂಡು, ಆರಾದದ್ದು 1900ರಲ್ಲಿ. 2013ರ 'ಭಾಗ್ ಮಿಲ್ಖಾ ಭಾಗ್' ಚಿತ್ರದಲ್ಲಿ ಓಟಗಾರ ಮಿಲ್ಖಾ ಸಿಂಗ್ 1950ರ ದಶಕದಲ್ಲಿಯೇ 'ಸನ್ ಆಫ್ ಇಂಡಿಯಾ' ಚಿತ್ರದ ಮಕ್ಕಳ ಹಾಡನ್ನು ಹಾಡುತ್ತಾನೆ. ಆ ಚಿತ್ರ ಬಂದದ್ದು 1962ರಲ್ಲಿ.

ಕಾಲದೋಷದ ವಿಷಯದಲ್ಲಿ ಗಡಿನಾಡಿನವರಾದ ನಮ್ಮ ಕಣ್ಣು ಸ್ವಲ್ಪ ಹೆಚ್ಚು ಚುರುಕಾಗಿರಬೇಕು. 1950ರ ಕಥೆಯ ಶಾಲೆಯೊಂದನ್ನು ತೋರಿಸುವ ಚಿತ್ರದಲ್ಲಿ ಗೋಡೆಗೆ ಇಂದಿನ ಭಾರತದ ಭೂಪಟವನ್ನು ತೂಗುಹಾಕಿದರೆ ಬೇರೆಯವರಿಗೆ ಏನೂ ಅನಿಸಲಾರದು. ಆದರೆ 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸು ರಾಜ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕೇರಳವೆಂಬ ರಾಜ್ಯವೇ ಆಗ ಇರಲಿಲ್ಲ. ಆ ಒಂದು ಗೆರೆ ಎಲ್ಲಿತ್ತು, ಎಂದು ಬಂತು ಎಂಬುದು ನಮ್ಮ ಪಾಲಿಗೆ ಸಣ್ಣ ವಿಷಯವಲ್ಲ.

ಐದನೆಯದು ವಿಜ್ಞಾನದ ತಪ್ಪು. ಸಿನೆಮಾದಲ್ಲಿ ಮಿಂಚು ಮತ್ತು ಗುಡುಗು ಯಾವಾಗಲೂ ಜೊತೆಜೊತೆಯಾಗಿ ಬರುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಕಿಲೋಮೀಟರ್ ದೂರದ ಮಿಂಚಿನ ಗುಡುಗು ನಮಗೆ ಕೇಳಲು ಸುಮಾರು ಮೂರು ಸೆಕೆಂಡು ಬೇಕು. ಇದನ್ನು ಆಷಾಢದ ಯಾವ ಸಂಜೆಯಲ್ಲಾದರೂ ಮಕ್ಕಳು ಎಣಿಸಿ ನೋಡಬಹುದು. ಗಾಳಿಯಿಲ್ಲದ ಅಂತರಿಕ್ಷದಲ್ಲಿ ಶಬ್ದ ಹರಡುವುದಿಲ್ಲ. ಆದರೂ ಅಲ್ಲಿ ಹಡಗುಗಳು ಗುಡುಗುಟ್ಟುತ್ತಾ ಸಿಡಿಯುತ್ತವೆ. 1968ರ '2001: ಎ ಸ್ಪೇಸ್ ಒಡಿಸ್ಸಿ' ಎಂಬ ಚಿತ್ರ ಅಂತರಿಕ್ಷದ ನಿಶ್ಶಬ್ದವನ್ನು ನಿಶ್ಶಬ್ದವಾಗಿಯೇ ತೋರಿಸಿದ ಕೆಲವೇ ಚಿತ್ರಗಳಲ್ಲಿ ಒಂದು.

ಬಯಲಾಟಕ್ಕೆ ಇಲ್ಲದ ನಿರ್ಬಂಧ

ಇಷ್ಟನ್ನು ಓದಿದ ಹಿರಿಯರೊಬ್ಬರು ಕೇಳಬಹುದು: ನಮ್ಮ ಯಕ್ಷಗಾನದಲ್ಲಿ ರಾವಣನ ಒಡ್ಡೋಲಗಕ್ಕೆ ಟ್ಯೂಬ್‌ಲೈಟು ಬೆಳಗುತ್ತದೆ, ಹನುಮಂತನ ಎದುರಿಗೆ ಮೈಕು ನೇತಾಡುತ್ತದೆ, ಭಾಗವತರ ಕೈಯಲ್ಲಿ ಗಡಿಯಾರವಿರುತ್ತದೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲವಲ್ಲ? ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕು.

ನನಗೆ ತೋಚಿದ ಸಮಾಧಾನ ಹೀಗಿದೆ. ಬಯಲಾಟದಲ್ಲಿ ನಮಗೂ ಕಲಾವಿದರಿಗೂ ಒಂದು ಒಪ್ಪಂದವಿದೆ. ಇದು ಆಟ, ಇದು ರಂಗಸ್ಥಳ. ಕಾಣಬೇಕಾದುದನ್ನು ಮನಸ್ಸಿನಿಂದ ಕಾಣೋಣ ಎಂದು ನಾವು ಮೊದಲೇ ಒಪ್ಪಿ ಕುಳಿತಿರುತ್ತೇವೆ. ಕ್ಯಾಮರಾ ಹಾಗಲ್ಲ. "ನಾನು ಕಂಡದ್ದನ್ನೇ ತೋರಿಸುತ್ತಿದ್ದೇನೆ, ಇದು ನಿಜವಾದ ಕಾಡು, ನಿಜವಾದ ರಾಣಿ" ಎಂದು ಅದು ಮಾತು ಕೊಡುತ್ತದೆ. ಮಾತು ಕೊಟ್ಟವನು ತಪ್ಪಿದರೆ ಮಾತ್ರ ಅದು ತಪ್ಪು.

ಇನ್ನೊಂದು ವ್ಯತ್ಯಾಸವೂ ಇದೆ. ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರು ಮಾತಿನ ಓಘದಲ್ಲಿ ಎಡವಿದರೆ ಎದುರು ಕುಳಿತವರು ಅದನ್ನು ಅಲ್ಲಿಯೇ ಹಿಡಿಯುತ್ತಾರೆ. ಎಡವಿದವರು ಸಮರ್ಥರಾದರೆ ಆ ತಪ್ಪನ್ನೇ ಹೊಸ ಅರ್ಥವನ್ನಾಗಿ ತಿರುಗಿಸಿ ಸಭೆಯನ್ನು ನಗಿಸುತ್ತಾರೆ. ಮರುದಿನದ ಕೂಟದಲ್ಲಿ ಅದು ಇರುವುದಿಲ್ಲ. ಸಿನೆಮಾದ ತಪ್ಪಿಗೆ ಎದುರುತ್ತರ ಕೊಡುವವರಿಲ್ಲ. ಒಮ್ಮೆ ಅಚ್ಚಾದುದು ಸಾವಿರ ಊರುಗಳಲ್ಲಿ, ಐವತ್ತು ವರ್ಷಗಳ ನಂತರವೂ ಹಾಗೆಯೇ ಕಾಣುತ್ತದೆ.

ತಪ್ಪಿನ ತೂಕ

ಚಿತ್ರವನ್ನು ಜೋಡಿಸುವ ಸಂಕಲನಕಾರರಿಗೆ ಈ ತಪ್ಪುಗಳು ಕಾಣುವುದಿಲ್ಲವೇ? ಹೆಚ್ಚಿನ ಸಲ ಕಾಣುತ್ತವೆ. ಕಂಡೂ ಉಳಿಸುತ್ತಾರೆ. 'ಅಪೊಕಲಿಪ್ಸ್ ನೌ', 'ದಿ ಇಂಗ್ಲಿಷ್ ಪೇಷಂಟ್' ಮೊದಲಾದ ಚಿತ್ರಗಳ ಸಂಕಲನದಲ್ಲಿ ದುಡಿದ ವಾಲ್ಟರ್ ಮರ್ಚ್ ಎಂಬವರು 'ಇನ್ ದ ಬ್ಲಿಂಕ್ ಆಫ್ ಆನ್ ಐ' ಎಂಬ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಎರಡು ತುಣುಕುಗಳನ್ನು ಎಲ್ಲಿ ಕತ್ತರಿಸಿ ಜೋಡಿಸಬೇಕು ಎಂಬುದನ್ನು ನಿರ್ಧರಿಸಲು ಆರು ಅಂಶಗಳಿಗೆ ಅವರು ನೂರರಲ್ಲಿ ಅಂಕ ಹಂಚಿದ್ದಾರೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ನೋಡುವವರ ಕಣ್ಣು ಎಲ್ಲಿದೆ ಎಂಬುದಕ್ಕೆ 7, ತೆರೆಯ ಸಮತಲದಲ್ಲಿನ ಹೊಂದಾಣಿಕೆಗೆ 5, ನಿಜವಾದ ಸ್ಥಳದಲ್ಲಿ ಯಾರು ಎಲ್ಲಿದ್ದರು ಎಂಬ ಮುಂದುವರಿಕೆಗೆ ಬರೇ 4.

ಜೀವಮಾನವಿಡೀ ಅಂಕ ಹಾಕಿದ ನನಗೆ ಈ ಪಟ್ಟಿ ಒಂದು ಪಾಠವಾಯಿತು. ನಟಿಯ ಕಣ್ಣಲ್ಲಿ ನಿಜವಾದ ನೀರು ಬಂದ ತುಣುಕಿನಲ್ಲಿ ಲೋಟ ಎಡಗಡೆಗಿದೆ. ಲೋಟ ಸರಿಯಾಗಿ ಬಲಗಡೆಗಿರುವ ತುಣುಕಿನಲ್ಲಿ ಅವಳ ಮುಖ ಕಲ್ಲಿನಂತಿದೆ. ಯಾವುದನ್ನು ಉಳಿಸಬೇಕು? ನಾಲ್ಕು ಅಂಕಕ್ಕಾಗಿ ಐವತ್ತೊಂದನ್ನು ಕಳೆದುಕೊಳ್ಳುವವನು ಬುದ್ಧಿವಂತನಲ್ಲ. ನಾನು ಒಂದು ಕಾಗುಣಿತದ ತಪ್ಪಿಗೆ ಎಷ್ಟು ಒಳ್ಳೆಯ ಪ್ರಬಂಧಗಳ ಅಂಕ ಕಡಿದಿರುವೆನೋ ಎಂದು ಈಗ ಯೋಚಿಸುತ್ತೇನೆ.

'ಶೋಲೆ' ಇದಕ್ಕೆ ಸಾಕ್ಷಿ. ನಮ್ಮ ಶಾಲೆಯ ಹಾಗೆಯೇ ಅದೂ 1975ರದ್ದು. ಆಗಸ್ಟ್ 15ರಂದು ಬಿಡುಗಡೆಯಾಯಿತು. ಅದರ ರಾಮಗಢವೆಂಬ ಹಳ್ಳಿಯನ್ನು ನಿರ್ಮಿಸಿದ್ದು ಕರ್ನಾಟಕದ ರಾಮನಗರದ ಬಂಡೆಗಳ ನಡುವೆ. ವಿದ್ಯುತ್ತಿಲ್ಲದೆ ಸಂಜೆಯಾದರೆ ದೀಪ ಹಚ್ಚಿ ಆರಿಸುವ ಊರಿನಲ್ಲಿ ಅಷ್ಟೆತ್ತರದ ಟ್ಯಾಂಕಿಗೆ ನೀರು ಏರಿದ್ದು ಹೇಗೆ ಎಂಬುದು ಹಳೆಯ ಚೋದ್ಯ. ಎರಡೂ ಕೈ ಕಳೆದುಕೊಂಡ ಠಾಕೂರನ ಅಂಗಿಯೊಳಗೆ ನಟನ ಕೈಗಳು ಕಾಣುವ ಜಾಗಗಳನ್ನು ತೋರಿಸುವವರೂ ಇದ್ದಾರೆ. ಇವೆಲ್ಲ ಗೊತ್ತಿದ್ದೂ ಜನ ಐವತ್ತು ವರ್ಷ ಆ ಚಿತ್ರವನ್ನು ನೋಡಿದರು. ಠಾಕೂರನ ನೋವು ಅವರಿಗೆ ನಿಜವಾಗಿತ್ತು. ಟ್ಯಾಂಕಿಯ ನೀರಿನ ಲೆಕ್ಕವನ್ನು ಅವರು ಕೇಳಿದ್ದು ಮನೆಗೆ ಹೋದ ಮೇಲೆ.

ಕೆಲವರು ತಿದ್ದಿಕೊಂಡದ್ದೂ ಉಂಟು. 1997ರ 'ಟೈಟಾನಿಕ್' ಚಿತ್ರದಲ್ಲಿ ಹಡಗು ಮುಳುಗಿದ ಮೇಲೆ ನಾಯಕಿ ಹಲಗೆಯ ಮೇಲೆ ಮಲಗಿ ಆಕಾಶವನ್ನು ನೋಡುತ್ತಾಳೆ. ಅದು 1912ರ ಏಪ್ರಿಲ್ 15ರ ನಸುಕು, ಉತ್ತರ ಅಟ್ಲಾಂಟಿಕ್ ಸಾಗರ. ಆ ಸ್ಥಳದಲ್ಲಿ, ಆ ಹೊತ್ತಿನಲ್ಲಿ ಯಾವ ನಕ್ಷತ್ರಗಳು ಕಾಣಬೇಕೆಂಬುದನ್ನು ಗಣಿತದಿಂದ ಹೇಳಬಹುದು. ಚಿತ್ರದ ಆಕಾಶ ಅದಲ್ಲ. ಅದರ ಒಂದು ಅರ್ಧ ಇನ್ನೊಂದು ಅರ್ಧದ ಕನ್ನಡಿಬಿಂಬ ಎಂದು ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಎತ್ತಿ ತೋರಿಸಿದರು. ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಸಿಟ್ಟಾಗಲಿಲ್ಲ. ಸರಿಯಾದ ಆಕಾಶವನ್ನು ಅವರಿಂದಲೇ ತರಿಸಿಕೊಂಡು, 2012ರಲ್ಲಿ ಚಿತ್ರ ಮರುಬಿಡುಗಡೆಯಾದಾಗ ಅಷ್ಟು ಭಾಗವನ್ನು ಬದಲಾಯಿಸಿದರು. ತಪ್ಪು ತೋರಿಸಿದವನ ಕಿವಿ ಹಿಡಿಯದೆ ಅವನ ಮಾತನ್ನು ಕೇಳಿದ ಈ ಪ್ರಸಂಗವನ್ನು ಓದಿದಾಗ ನನಗೆ ನಾಚಿಕೆಯಾಯಿತು.

ಹಾಗಾದರೆ ಯಾವ ತಪ್ಪಿಗೆ ನಾವು ಅಂಜಬೇಕು? ನಗು ತರುವ ತಪ್ಪಿನಿಂದ ಹಾನಿಯಿಲ್ಲ, ಅದು ಕಂಡಿತಲ್ಲ! ಕಾಣದೆ ಒಳಗೆ ಇಳಿಯುವುದು ಇತಿಹಾಸದ ತಪ್ಪು. ಸ್ಕಾಟ್ಲೆಂಡಿನ ವೀರ ವಿಲಿಯಂ ವ್ಯಾಲೇಸನ ಕಥೆಯನ್ನು ಹೇಳುವ, 1995ರ 'ಬ್ರೇವ್‌ಹಾರ್ಟ್' ಚಿತ್ರಕ್ಕೆ ಐದು ಆಸ್ಕರ್ ಪ್ರಶಸ್ತಿಗಳು ಬಂದವು. ಅದರಲ್ಲಿ ಬರುವ ಮುಖ್ಯ ಕಾಳಗ 1297ರ ಸ್ಟರ್ಲಿಂಗ್ ಸೇತುವೆಯ ಯುದ್ಧ. ಶತ್ರುಸೈನ್ಯ ಕಿರಿದಾದ ಸೇತುವೆಯನ್ನು ಅರ್ಧ ದಾಟಿದಾಗ ಮೇಲೆ ಬಿದ್ದುದರಿಂದಲೇ ಸ್ಕಾಟರು ಗೆದ್ದರು. ಚಿತ್ರದಲ್ಲಿ ಸೇತುವೆಯೇ ಇಲ್ಲ! ವ್ಯಾಲೇಸನಿಗೂ ರಾಜಕುಮಾರಿ ಇಸಬೆಲ್ಲಾಳಿಗೂ ಚಿತ್ರ ಪ್ರೇಮವನ್ನು ಕಟ್ಟುತ್ತದೆ. ವ್ಯಾಲೇಸನನ್ನು ಕೊಂದದ್ದು 1305ರಲ್ಲಿ. ಆಗ ಆಕೆ ಫ್ರಾನ್ಸಿನಲ್ಲಿದ್ದ, ಸುಮಾರು ಹತ್ತು ವರ್ಷದ ಬಾಲಿಕೆ. ಇಂಗ್ಲೆಂಡಿಗೆ ಬಂದದ್ದೇ 1308ರಲ್ಲಿ. ಚಿತ್ರ ಚೆನ್ನಾಗಿದ್ದಷ್ಟೂ ಇಂಥ ತಪ್ಪು ಗಟ್ಟಿಯಾಗಿ ಬೇರೂರುತ್ತದೆ. ಇತಿಹಾಸದ ಉತ್ತರಪತ್ರಿಕೆಯಲ್ಲಿ ಸಿನೆಮಾದ ಸಂಭಾಷಣೆಯನ್ನು ಬರೆದ ಮಕ್ಕಳನ್ನು ನಾನೇ ಕಂಡಿದ್ದೇನೆ. ಅವರನ್ನು ದೂರಲಾರೆ. ನಮ್ಮ ಪಾಠಕ್ಕಿಂತ ಆ ಚಿತ್ರ ಹೆಚ್ಚು ಚೆನ್ನಾಗಿ ಕಲಿಸಿತ್ತು.

ಇಲ್ಲದ ತಪ್ಪುಗಳು

ಕೊನೆಯದಾಗಿ, ತಪ್ಪು ಹುಡುಕುವವರ ತಪ್ಪು. 1959ರ 'ಬೆನ್ ಹರ್' ಚಿತ್ರದ ರಥಗಳ ಸ್ಪರ್ಧೆಯಲ್ಲಿ ಸಾರಥಿಯ ಮಣಿಕಟ್ಟಿನಲ್ಲಿ ಕೈಗಡಿಯಾರವಿದೆ ಎಂಬ ಮಾತನ್ನು ಎಷ್ಟೋ ಜನ ಹೇಳಿದ್ದಾರೆ. ನಾನೂ ಶಿಕ್ಷಕರ ಕೋಣೆಯಲ್ಲಿ ಹೇಳಿದ್ದೆ. ಚಿತ್ರವನ್ನು ಎಳೆಎಳೆಯಾಗಿ ನೋಡಿದವರಿಗೆ ಆ ಗಡಿಯಾರ ಸಿಕ್ಕಿಲ್ಲ. 1987ರ 'ತ್ರೀ ಮೆನ್ ಆ್ಯಂಡ್ ಎ ಬೇಬಿ' ಚಿತ್ರದಲ್ಲಿ ಕಿಟಕಿಯ ಪರದೆಯ ಹಿಂದೆ ಸತ್ತ ಹುಡುಗನೊಬ್ಬನ ಭೂತ ನಿಂತಿದೆ ಎಂಬ ಪುಕಾರು ಹಬ್ಬಿತ್ತು. ಅದು ಚಿತ್ರದ ನಟರಲ್ಲೊಬ್ಬರ ಆಳೆತ್ತರದ ರಟ್ಟಿನ ಪ್ರತಿಕೃತಿ. ಹೇಳಿದ್ದನ್ನು ಹೇಳುವುದು ಸುಲಭ. ಹೋಗಿ ನೋಡುವುದು ಕಷ್ಟ.

1981ರ ಆ ರಾತ್ರಿ ನಾವು ಇನ್ನೂರು ಮಂದಿ ಒಂದೇ ಪರದೆಯನ್ನು ನೋಡಿದ್ದೆವು. ಕಲೆ ಎಲ್ಲರ ಕಣ್ಣಿಗೂ ಬಿದ್ದಿರಬೇಕು. ಆದರೆ ನಮ್ಮೆಲ್ಲರ ತೋಳಿನಲ್ಲಿಯೂ ಅದು ಇದ್ದುದರಿಂದ ಅದು ನಮಗೆ ಕಲೆಯಾಗಿ ತೋರಲಿಲ್ಲ, ತೋಳಿನ ಭಾಗವಾಗಿಯೇ ತೋರಿತು. ಹುಡುಗನೊಬ್ಬ ಮಾತ್ರ ಅದನ್ನು ರಾಣಿಯ ಕಾಲದೊಂದಿಗೆ ಇಟ್ಟು ನೋಡಿದ. ವಿಜ್ಞಾನದ ಪಾಠದಲ್ಲಿ ಜೆನ್ನರನ ಕಥೆಯನ್ನು ಅವನಿಗೆ ಹೇಳಿಕೊಟ್ಟವನೂ ನಾನೇ. ಪಾಠ ಕಲಿತದ್ದಕ್ಕೆ ಶಿಕ್ಷೆ ಕೊಟ್ಟಂತಾಯಿತು. ಆ ಚಿತ್ರದ ಕೊನೆಯಲ್ಲಿ ರಾಣಿಗೆ ಗಂಡ ಸಿಗುವುದನ್ನು ಅವನು ನೋಡಲಿಲ್ಲ.

ಮರುವರ್ಷ ಅವನ ಮನೆಯವರು ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದರು. ಆಮೇಲೆ ಅವನನ್ನು ನಾನು ಕಾಣಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಈ ಸಂಚಿಕೆಯನ್ನು ಕಳುಹಿಸುವುದಾಗಿ ಸಮಿತಿಯವರು ಹೇಳಿದ್ದಾರೆ. ವಿಳಾಸ ಸಿಕ್ಕಿದರೆ ಅವನಿಗೂ ಒಂದು ಪ್ರತಿ ಹೋಗಲಿ ಎಂದು ಕೇಳಿಕೊಂಡಿದ್ದೇನೆ. ಅವನಿಗೀಗ ಐವತ್ತಾರು ದಾಟಿರಬೇಕು. ಕಲೆ ಇತ್ತಪ್ಪಾ, ನಾನೂ ನೋಡಿದೆ. ನೀನು ಹೇಳಿದ್ದು ಸರಿ.

ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವ ಕಿರಿಯ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ತರಗತಿಯಲ್ಲಿ ಯಾರಾದರೂ ನಗಬಾರದ ಕಡೆ ನಕ್ಕರೆ, ಗದರುವ ಮೊದಲು "ಏನು ಕಂಡಿತು?" ಎಂದು ಒಮ್ಮೆ ಕೇಳಿರಿ. ಮಕ್ಕಳಲ್ಲಿಯೂ ಒಂದು ಮಾತು: ಕಂಡದ್ದನ್ನು ಹೇಳಿ, ಕೇಳಿದ್ದನ್ನು ಪರೀಕ್ಷಿಸಿ. ಈ ಲೇಖನದಲ್ಲಿಯೂ ತಪ್ಪುಗಳು ನುಸುಳಿರಬಹುದು. ಕೆಂಪು ಶಾಯಿ ಈಗ ನಿಮ್ಮ ಕೈಯಲ್ಲಿದೆ, ಸಂಕೋಚವಿಲ್ಲದೆ ತಿದ್ದಿರಿ. ಗಡಿನಾಡಿನಲ್ಲಿ ಐವತ್ತು ವರ್ಷ ಕನ್ನಡದ ದೀಪವನ್ನು ಉರಿಸಿದ ಈ ವಿದ್ಯಾಮಂದಿರ ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.